ಸಣ್ಣ ಟಾರ್ಕ್ ರೆಂಚು: ಎರಡು ಚಳಿಗಾಲ ಬಳಸಿದ ಮೇಲೆ

ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಎರಡು ವರ್ಷದ ಹಿಂದೆ ಸುಮಾರು 2,500 ರೂಪಾಯಿ ಕೊಟ್ಟು ಕೊಂಡ ಈ ಟಾರ್ಕ್ ರೆಂಚಿಗೆ, ಅಂದರೆ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಪಾನಾಕ್ಕೆ, ಹೇಳಿಕೊಳ್ಳುವಂಥ ಹೆಸರಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಬ್ರ್ಯಾಂಡನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸಾಕೆಟ್ ಕೂರುವ ಚೌಕ ತುದಿ 3/8 ಇಂಚಿನದು. ಅಳತೆ, ತಿರುಚು ಬಲದ ಮಾನವಾದ ನ್ಯೂಟನ್ ಮೀಟರ್‌ನಲ್ಲಿ, 5ರಿಂದ 60ರವರೆಗೆ. ಹಿಡಿಕೆಯನ್ನು ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿದರೆ ಬೋಲ್ಟು ಅಷ್ಟು ಬಿಗಿಯಾದೊಡನೆ ಒಳಗಿನ ಸ್ಪ್ರಿಂಗಿನ ಒತ್ತಡ ತಪ್ಪಿ ‘ಟಕ್’ ಎಂಬ ಸದ್ದು ಬರುತ್ತದೆ. ಮನೆಯ ಅಂಗಳದಲ್ಲೇ ಬೈಕು ಬಿಚ್ಚಿ ಜೋಡಿಸುವ ಹವ್ಯಾಸವಿರುವವರಿಗೆ ಮೊದಲು ಬೇಕಾದದ್ದು ಇಂಥದ್ದೇ ಹೊರತು ಎಲ್ಲೆಡೆ ಸುಲಭವಾಗಿ ಸಿಗುವ ಆ ಉದ್ದನೆಯ ಅರ್ಧ ಇಂಚಿನದಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆ ಹೇಳುವ ಅಧಿಕಾರವನ್ನು ನಾನು ದುಡ್ಡು ಕೊಟ್ಟೇ ಸಂಪಾದಿಸಿದ್ದೇನೆ.

ಏಕೆಂದರೆ ನಾನು ಮೊದಲು ಕೊಂಡದ್ದು ಆ ಉದ್ದನೆಯದನ್ನೇ. ಅದರ ಅಳತೆ 28ರಿಂದ ಶುರುವಾಗಿ 210ಕ್ಕೆ ಮುಗಿಯುತ್ತದೆ. ಕಾರಿನ ಚಕ್ರದ ನಟ್ಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಬೈಕಿನ ಎಂಜಿನ್ ಮೇಲಿರುವ ಬಹುಪಾಲು ಬೋಲ್ಟುಗಳು 6 ಮಿಲಿಮೀಟರ್‌ನವು, ಅವುಗಳಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್ ಮಾತ್ರ. ಇದನ್ನು ಲೆಕ್ಕಿಸದೆ ಟ್ಯಾಪೆಟ್ ಮುಚ್ಚಳದ ಬೋಲ್ಟಿಗೆ ಅದನ್ನು ಹಚ್ಚಿ, ಸದ್ದು ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತಾ ಎಳೆದೆ. ಸದ್ದು ಬರಲಿಲ್ಲ, ಬೋಲ್ಟು ಬೆಣ್ಣೆಯಲ್ಲಿ ತಿರುಗಿದಂತೆ ಹಗುರವಾಗಿ ತಿರುಗತೊಡಗಿತು. ಬೋಲ್ಟು ಉಕ್ಕಿನದು, ಅದು ಕೂರುವ ಜಾಗ ಅಲ್ಯೂಮಿನಿಯಂನದು. ಜಗಳವಾದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಲೇತ್ ಅಂಗಡಿಯ ಹಿರಿಯರು ಕೆಟ್ಟ ಥ್ರೆಡ್ಡನ್ನು (ಬೋಲ್ಟು ಹಿಡಿಯುವ ಸುರುಳಿ ಗೆರೆಗಳನ್ನು) ಕೊರೆದು ತೆಗೆದು, ಹೊಸದಾಗಿ ಟ್ಯಾಪ್ ಹಾಕಿ, ಒಳಗೆ ಹೆಲಿಕಾಯಿಲ್ ತಂತಿಯ ಸುರುಳಿ ಕೂರಿಸಿಕೊಟ್ಟರು. “ಇಷ್ಟು ಸಣ್ಣ ಬೋಲ್ಟಿಗೆ ಅಷ್ಟು ಉದ್ದದ ಪಾನಾ ಯಾಕ ಹಚ್ಚಿದ್ರಿ ಸರ?” ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರವೇ ಸಣ್ಣ ರೆಂಚು ಮನೆಗೆ ಬಂತು.

ಬಳ್ಳಾರಿಗೆ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ನಮ್ಮವರೇ ನಗೆಯಾಡುವುದುಂಟು. ಹಿಮ ಬೀಳುವ ದೇಶಗಳ ಹವ್ಯಾಸಿಗಳು ಚಳಿಗಾಲದಲ್ಲಿ ಗಾಡಿಯನ್ನು ಹೊರಗೆ ತೆಗೆಯಲಾಗದೆ ತಿಂಗಳುಗಟ್ಟಲೆ ಬಿಚ್ಚಿಟ್ಟುಕೊಂಡು ಕೂರುತ್ತಾರೆ. ನಮಗೆ ಆ ಸೌಕರ್ಯವಿಲ್ಲ. ಡಿಸೆಂಬರ್, ಜನವರಿಯೇ ನಮಗೆ ಸವಾರಿಯ ಕಾಲ. ಏಪ್ರಿಲ್‌ನಲ್ಲಿ ಅಂಗಳದಲ್ಲಿಟ್ಟ ಪಾನಾ ಮುಟ್ಟಲಾಗದಷ್ಟು ಕಾದಿರುವುದರಿಂದ ರಿಪೇರಿಯ ಕಾಲವೂ ಅದೇ. ಹೀಗಾಗಿ ಶನಿವಾರ ಮಧ್ಯಾಹ್ನ ಬಿಚ್ಚಿದ್ದನ್ನು ಸಂಜೆಯೊಳಗೆ ಜೋಡಿಸಿ, ಭಾನುವಾರ ಬೆಳಗಿನ ಐದೂವರೆಗೆ ತೋರಣಗಲ್ಲಿನ ಮೂಲಕ ಸಂಡೂರಿಗೋ, ಹೊಸಪೇಟೆಯ ಮೇಲೆ ಹಾಯ್ದು ಆನೆಗೊಂದಿಗೋ ಹೊರಡಬೇಕು. ನಡುವೆ ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷಿಸಲು ಬಿಡುವೇ ಇರುವುದಿಲ್ಲ. ಬಿಗಿ ಮಾಡಿದ ನಟ್ಟು ಬಿಗಿಯಾಗಿದೆ ಎಂಬ ಭರವಸೆ ಇದ್ದರೆ ಮಾತ್ರ ದಾರಿಯಲ್ಲಿ ಕಣ್ಣು ಬೆಟ್ಟಗಳ ಕಡೆಗೆ ಹೋಗುತ್ತದೆ.

ಅಗ್ಗದ ಅಳತೆಯ ಉಪಕರಣದ ಮಾತನ್ನು ಕಣ್ಣುಮುಚ್ಚಿ ನಂಬಬಾರದೆಂದು, ಕೊಂಡ ವಾರವೇ ಅದನ್ನು ನೀರಿನ ಬಕೆಟ್ಟಿನಿಂದ ಪರೀಕ್ಷಿಸಿದೆ. ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ (ಮೇಜಿಗೆ ಬಿಗಿದ ಇಕ್ಕಳದಲ್ಲಿ) ಕಚ್ಚಿಸಿ, ರೆಂಚನ್ನು ನೆಲಕ್ಕೆ ಸಮಾಂತರವಾಗಿ ನಿಲ್ಲಿಸಿ, ಚೌಕದ ನಡುವಿನಿಂದ ಸರಿಯಾಗಿ 25 ಸೆಂಟಿಮೀಟರ್ ದೂರದಲ್ಲಿ, ಅಂದರೆ ಹಿಡಿಕೆಯ ನಡುಭಾಗದಲ್ಲಿ, ಹಗ್ಗದಿಂದ ಬಕೆಟ್ಟನ್ನು ತೂಗುಹಾಕಬೇಕು. ಅಲ್ಲಿ 10 ಕಿಲೋ ಭಾರ ತೂಗಿದರೆ ಬೀಳುವ ತಿರುಚು ಬಲ 24.5 ನ್ಯೂಟನ್ ಮೀಟರ್. ಒಂದು ಲೀಟರ್ ನೀರು ಒಂದು ಕಿಲೋ ಆದ್ದರಿಂದ ಬೇರೆ ತೂಕದ ಕಲ್ಲುಗಳು ಬೇಕಿಲ್ಲ. ಖಾಲಿ ಬಕೆಟ್ಟನ್ನು ಮಾತ್ರ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆ. ರೆಂಚಿನ ಸ್ವಂತ ಭಾರವನ್ನೂ ಲೆಕ್ಕಕ್ಕೆ ಸೇರಿಸಬೇಕು, ಇಲ್ಲದಿದ್ದರೆ ಕೆಳಗಿನ ಅಂಕಿಗಳಲ್ಲಿ ಮೋಸ ಹೋಗುತ್ತೇವೆ. ನೀರನ್ನು ಲೋಟದಿಂದ ನಿಧಾನವಾಗಿ ಸುರಿಯುತ್ತಾ ಹೋದಾಗ, 25ಕ್ಕೆ ನಿಲ್ಲಿಸಿದ ರೆಂಚು ಸುಮಾರು 25.5ಕ್ಕೆ ಸದ್ದು ಮಾಡಿತು. 50ಕ್ಕೆ ನಿಲ್ಲಿಸಿದ್ದು 51ಕ್ಕೆ. ಈ ಬೆಲೆಗೆ ಇದು ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ. ಆದರೆ 10ಕ್ಕೆ ನಿಲ್ಲಿಸಿದಾಗ ಅದು ಮಾತನಾಡಿದ್ದು 11 ದಾಟುವ ಹೊತ್ತಿಗೆ. ಇಂಥ ರೆಂಚುಗಳನ್ನು ಅವುಗಳ ಗರಿಷ್ಠ ಅಳತೆಯ ಐದನೇ ಒಂದು ಪಾಲಿಗಿಂತ ಕೆಳಗೆ ನೆಚ್ಚಬಾರದೆಂಬುದು ಸಾಮಾನ್ಯ ನಿಯಮ. 60ರ ಐದನೇ ಒಂದು ಪಾಲು 12. ಆದ್ದರಿಂದ 5ರಿಂದ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಾನು ಅಲಂಕಾರವೆಂದೇ ತಿಳಿದು, 6 ಮಿಲಿಮೀಟರ್ ಬೋಲ್ಟುಗಳಿಗೆ ಆ ಒಂದು ಹೆಚ್ಚುವರಿಯನ್ನು ಕಳೆದು 9ಕ್ಕೆ ನಿಲ್ಲಿಸಿ ಬಳಸುತ್ತೇನೆ.

ಸಂಡೂರಿನ ದಾರಿ ಬಲ್ಲವರಿಗೆ ಅದಿರಿನ ಕೆಂಪು ದೂಳಿನ ಬಗ್ಗೆ ಹೇಳಬೇಕಿಲ್ಲ. ಎಣ್ಣೆ ಸವರಿದ ಚೈನಿಗೆ ಆ ದೂಳು ಮೆತ್ತಿಕೊಂಡು ಅರೆಯುವ ಲೇಪದಂತಾಗುತ್ತದೆ. ಎರಡು ಮೂರು ಸವಾರಿಗೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದು, ಸಡಿಲು ನೋಡಿ, ಹಿಂದಿನ ಚಕ್ರವನ್ನು ಸರಿಸಿ, ಆಕ್ಸಲ್ ನಟ್ಟನ್ನು ಮತ್ತೆ ಬಿಗಿ ಮಾಡಬೇಕು. ಇಲ್ಲಿ ಸಣ್ಣ ರೆಂಚಿನ ಮಿತಿ ಕಾಣುತ್ತದೆ. ನನ್ನ 350 ಸಿಸಿ ಗಾಡಿಯ ಆಕ್ಸಲ್ ನಟ್ಟಿಗೆ ಕೈಪಿಡಿ ಹೇಳುವ ಬಿಗಿ 60ನ್ನು ಮೀರುತ್ತದೆ, ಹಾಗಾಗಿ ಮೂಲೆ ಸೇರಿದ್ದ ಉದ್ದನೆಯ ರೆಂಚಿಗೆ ಕೊನೆಗೂ ಒಂದು ಕೆಲಸ ಸಿಕ್ಕಿದೆ. ಆಯಿಲ್ ಡ್ರೈನ್ ಬೋಲ್ಟು, ಸ್ಪಾರ್ಕ್ ಪ್ಲಗ್ಗು, ಹ್ಯಾಂಡಲ್ ಕ್ಲ್ಯಾಂಪು, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳೆಲ್ಲ ಸಣ್ಣದರ ಪಾಲಿನವು. ಗೆಳೆಯರೊಬ್ಬರ ಹಳೆಯ ಯೆಜ್ಡಿಯ ಎಂಜಿನ್ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕೂರಿಸುವಾಗಲೂ ಇದನ್ನೇ ಒಯ್ದಿದ್ದೆ. (ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಗಾಡಿ ಎದುರಿಗಿದ್ದರೆ ಅರ್ಧ ದಿನ ಮಾತಿನಲ್ಲೇ ಹೋಗುತ್ತದೆ.) ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ, ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡುವ ಕೆಲಸದಲ್ಲಿ ಅಳತೆಯ ಬೆಲೆ ಗೊತ್ತಾಗುತ್ತದೆ. ಕೈ ಅಂದಾಜಿನಲ್ಲಿ ಎಲ್ಲವೂ ಸಮ ಎನಿಸಿದ್ದರೂ ರೆಂಚು ಹಚ್ಚಿದಾಗ ಒಂದು ನಟ್ಟು ಇನ್ನೂ ಕಾಲು ಸುತ್ತು ತಿರುಗಿತು.

ದೋಷಗಳೂ ಇವೆ. ಕೆಳಗಿನ ಅಂಕಿಗಳಲ್ಲಿ ‘ಟಕ್’ ಎಂಬುದು ಎಷ್ಟು ಮೆಲ್ಲಗಿರುತ್ತದೆಂದರೆ, ಓಣಿಯಲ್ಲಿ ಆಟೋ ಹಾದುಹೋದರೆ ಕೇಳಿಸುವುದಿಲ್ಲ; ಕಿವಿಯನ್ನಲ್ಲ, ಅಂಗೈಯನ್ನು ನೆಚ್ಚಬೇಕು. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಎಳೆದರೆ ಬಿಗಿ ಹೆಚ್ಚಾಗಿಬಿಡುತ್ತದೆ. ಹಿಡಿಕೆಯ ಬೀಗದ ಸ್ಕ್ರೂ ಮೊದಲ ವರ್ಷದಲ್ಲೇ ಸಡಿಲವಾಯಿತು, ಕೆಲಸದ ನಡುವೆ ಅಂಕಿ ಜಾರಿಲ್ಲವೆಂದು ಆಗಾಗ ನೋಡಿಕೊಳ್ಳಬೇಕಾಗಿದೆ. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯ ಕೊಂಡಿ ಎರಡೇ ತಿಂಗಳಿಗೆ ಮುರಿಯಿತು. ಈಗ ಜೀನ್ಸ್ ಹೊಲಿಯುವ ಪರಿಚಯದವರಿಂದ ತಂದ ತುಂಡು ಬಟ್ಟೆಯಲ್ಲಿ ಸುತ್ತಿಡುತ್ತೇನೆ, ಅದೇ ವಾಸಿ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಅತಿ ಕಡಿಮೆ ಅಂಕಿಗೆ ತಿರುಗಿಸಿಡದಿದ್ದರೆ ಸ್ಪ್ರಿಂಗು ಸೋಲುತ್ತದೆ ಎಂಬುದನ್ನು ಜೊತೆಗಿದ್ದ ಕಾಗದದಲ್ಲಿ ಎಲ್ಲೂ ಹೇಳಿಲ್ಲ. ಬೋಲ್ಟು ಬಿಚ್ಚಲು ಇದನ್ನು ಬಳಸಬಾರದೆಂಬುದನ್ನೂ ಹೇಳಿಲ್ಲ. ಥ್ರೆಡ್ಡಿಗೆ ಎಣ್ಣೆ ಅಥವಾ ಗ್ರೀಸು ಸವರಿದ್ದರೆ ಅದೇ ಅಂಕಿಗೆ ಬೋಲ್ಟು ಹೆಚ್ಚು ಎಳೆತಕ್ಕೆ ಸಿಗುತ್ತದಾದ್ದರಿಂದ, ಕೈಪಿಡಿ ಬೇರೆ ಹೇಳದಿದ್ದರೆ ಒರೆಸಿ ಒಣಗಿಸಿಯೇ ಹಾಕಬೇಕೆಂಬುದನ್ನು ನಾನು ಬೇರೆಡೆ ಓದಿ ಕಲಿಯಬೇಕಾಯಿತು.

ನನಗೆ ಹೆಚ್ಚು ಕಿರಿಕಿರಿ ಮಾಡಿದ್ದು ಮಾತ್ರ ಅಂಕಿಗಳು. ಹೊಳೆಯುವ ಕ್ರೋಮಿನ ಮೇಲೆ ಬಣ್ಣವಿಲ್ಲದೆ ಕೊರೆದಿರುವ ಆ ಗೆರೆಗಳು ಸಂಜೆಯ ಬೆಳಕಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಕಡೆಗೆ ಮಗಳ ಕೆಂಪು ಉಗುರು ಬಣ್ಣವನ್ನು ಗೆರೆಗಳೊಳಗೆ ತುಂಬಿ, ಒಣಗುವ ಮೊದಲೇ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದೆ. ಎರಡನೆಯ ಚಳಿಗಾಲವೂ ಮುಗಿಯುತ್ತಿದೆ, ಬಣ್ಣ ಇನ್ನೂ ಹೋಗಿಲ್ಲ. ಮಗಳು ಮಾತ್ರ ಬಾಟಲಿಯ ಲೆಕ್ಕ ಕೇಳುವುದನ್ನು ಬಿಟ್ಟಿಲ್ಲ.