ಬೇಸಿಗೆ ರಜೆಯ ಕಾದಂಬರಿ ಶಿಬಿರ: 600 ರೂಪಾಯಿಗೆ ಸಿಕ್ಕಿದ್ದೇನು?

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಈಜು, ಕರಾಟೆ, ಚಿತ್ರಕಲೆ, ಅಬ್ಯಾಕಸ್ ಶಿಬಿರಗಳ ಬ್ಯಾನರುಗಳಿಗೆ ಲೆಕ್ಕವಿರುವುದಿಲ್ಲ. ಅವುಗಳ ನಡುವೆ, ಹದಿಮೂರು ದಾಟಿದ ಮಕ್ಕಳು ರಜೆ ಮುಗಿಯುವುದರೊಳಗೆ ಒಂದು ಕಾದಂಬರಿಯನ್ನು ಆರಂಭಿಸಬೇಕೆಂದು ಪಂಥ ಒಡ್ಡುವ ಶಿಬಿರವೊಂದು ಈ ಸಲ ವಿದ್ಯಾನಗರದ ಕಡೆ ನಡೆಯಿತು. ತಂಗಿಯ ಮಗ ಅದಕ್ಕೆ ಸೇರಿದ್ದ. ಹಿಂದಿನ ಬೆಂಚಿನಲ್ಲಿ ಕೂರಲು ಪೋಷಕರಿಗೂ ಅವಕಾಶವಿದ್ದುದರಿಂದ ನಾನೂ ಕೆಲವು ತರಗತಿಗಳನ್ನು ನೋಡಿದೆ. ಶುಲ್ಕ 600 ರೂಪಾಯಿ, ಅದರಲ್ಲಿ 200 ಪುಟಗಳ ಒಂದು ಲಾಂಗ್ ನೋಟ್‌ಬುಕ್ ಸೇರಿದೆ.

ಇಂಥ ಪಂಥ ಹೊಸದೇನಲ್ಲ. 1999ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ ಕ್ರಿಸ್ ಬೇಟಿ ಮತ್ತು ಅವರ ಗೆಳೆಯರು, ಒಟ್ಟು 21 ಮಂದಿ, ಆರಂಭಿಸಿದ ‘ನ್ಯಾನೋರೈಮೋ’ (ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್, ಅಂದರೆ ಕಾದಂಬರಿ ಬರೆಯುವ ತಿಂಗಳು) ಮರುವರ್ಷ ನವೆಂಬರ್ ತಿಂಗಳಿಗೆ ಸರಿದು, 30 ದಿನಗಳಲ್ಲಿ 50,000 ಪದ ಎಂಬ ಗುರಿಯಿಂದ ಲೋಕಪ್ರಸಿದ್ಧವಾಯಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ನಮ್ಮ ಶಿಬಿರದವರು ಆ ಗುರಿಯನ್ನು ಹಾಗೆಯೇ ಇಳಿಸಿಕೊಳ್ಳದಿದ್ದುದು ಜಾಣತನ. ದಿನಕ್ಕೆ 1,667 ಪದ ಎಂಬುದು ಎಂಟನೆಯ ತರಗತಿಯ ಮಗುವಿಗೆ ಶಿಕ್ಷೆಯೇ ಸರಿ. ಮೇಲಾಗಿ ವಿಭಕ್ತಿ, ಸಂಧಿ, ಸಮಾಸಗಳೆಲ್ಲ ಒಂದೇ ಪದದೊಳಗೆ ಕೂಡಿಕೊಳ್ಳುವ ಕನ್ನಡದಲ್ಲಿ ಇಂಗ್ಲಿಷಿನ ಪದಲೆಕ್ಕಕ್ಕೆ ಅರ್ಥವೂ ಇಲ್ಲ. ಆದ್ದರಿಂದ ಇಲ್ಲಿ ಪುಟದ ಲೆಕ್ಕ: ದಿನಕ್ಕೆ ಎರಡು ಪುಟ, ಕೈಬರಹದಲ್ಲಿ. ಅದಕ್ಕಿಂತ ಕಡಿಮೆ ಸಾಕೆನ್ನುವವರು ತಮ್ಮ ಗುರಿಯನ್ನು ಮೊದಲ ಹಾಳೆಯಲ್ಲೇ ಬರೆದು ಸಹಿ ಹಾಕಬೇಕು.

ಬಿಸಿಲೇರುವ ಮುನ್ನ, ಬೆಳಿಗ್ಗೆ ಏಳೂವರೆಗೆ ತರಗತಿ. ನಿಯಮಗಳು ಎರಡೇ. ಬರೆದ ಹಾಳೆಯನ್ನು ಹರಿಯುವಂತಿಲ್ಲ, ಮೊದಲ ವಾರ ಬರೆದದ್ದನ್ನು ಯಾರಿಗೂ ತೋರಿಸುವಂತಿಲ್ಲ. ಎರಡನೆಯ ನಿಯಮಕ್ಕೆ ಪೋಷಕರಲ್ಲಿ ಕೆಲವರು ಗೊಣಗಿದರು. ಆದರೆ ಪ್ರತಿ ಸಾಲನ್ನೂ ಮೇಷ್ಟ್ರ ಕೆಂಪು ಶಾಯಿಗೆ ಹೆದರಿಯೇ ಬರೆದು ರೂಢಿಯಾದ ಮಕ್ಕಳ ಕೈ ಸಡಿಲಗೊಂಡದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ವಾರದ ಒಂದು ತರಗತಿಯನ್ನು ವಿವರವಾಗಿ ಹೇಳಬೇಕು. ಒಬ್ಬ ಹುಡುಗ ಲಂಡನ್ನಿನ ಪತ್ತೇದಾರನೊಬ್ಬನ ಕಥೆ ಓದಿದ. ಶಿಕ್ಷಕಿ ತಪ್ಪು ಹುಡುಕಲಿಲ್ಲ; “ಅಲ್ಲಪ್ಪಾ, ಇವ್ನು ಬೆಳಿಗ್ಗೆ ಏನ್ ತಿಂದ?” ಎಂದಷ್ಟೇ ಕೇಳಿದರು. ಹುಡುಗನಿಗೆ ತಿಳಿಯದು. “ಯಾವ ಬೀದೀಲಿ ನಡೆದ? ಬಿಸಿಲಿತ್ತಾ?” ಅದೂ ತಿಳಿಯದು. ಮುಂದಿನ ತರಗತಿಯ ಹೊತ್ತಿಗೆ ಪತ್ತೇದಾರ ಹೈಸ್ಕೂಲ್ ಮೈದಾನದ ಪಕ್ಕ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತ, ಎಣ್ಣೆ ಹತ್ತಿದ ಕಾಗದದ ಮೇಲೆ ಯಾರೋ ಬರೆದಿದ್ದ ಫೋನ್ ಸಂಖ್ಯೆಯೊಂದನ್ನು ಓದುತ್ತಿದ್ದ. ಕಥೆ ಅಲ್ಲಿಂದ ಓಡತೊಡಗಿತು. ಮುಚ್ಚಿಹೋದ ಹತ್ತಿ ಮಿಲ್ಲಿನಲ್ಲಿ ದುಡಿದಿದ್ದ ಅಜ್ಜನನ್ನು ನಾಯಕನನ್ನಾಗಿಸಿಕೊಂಡ ಹುಡುಗಿಯೊಬ್ಬಳು, ಸೈರನ್ ಎಷ್ಟು ಗಂಟೆಗೆ ಕೂಗುತ್ತಿತ್ತೆಂದು ಮನೆಯಲ್ಲಿ ಕೇಳಿಕೊಂಡು ಬಂದಿದ್ದಳು. ಹೀಗೆ ಕೇಳುವ ಚಟ ಹಿಡಿಸಿದ್ದೇ ಈ ಶಿಬಿರದ ನಿಜವಾದ ಗಳಿಕೆ.

ಕೊರತೆಗಳೂ ಸಣ್ಣವಲ್ಲ. ಮೂವತ್ತರ ಆಸುಪಾಸಿನ ಮಕ್ಕಳಿಗೆ ಒಬ್ಬರೇ ಶಿಕ್ಷಕಿ ಇದ್ದುದರಿಂದ, ಬಾಯಿಬಿಟ್ಟು ಕೇಳುವವರಿಗಷ್ಟೇ ಗಮನ ಸಿಕ್ಕಿತು. ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಬರೆಯುತ್ತಿದ್ದ ನಮ್ಮ ಹುಡುಗನ ನೋಟ್‌ಬುಕ್ಕನ್ನು ಕೊನೆಯವರೆಗೂ ಯಾರೂ ಓದಲಿಲ್ಲ. ಸಮಾರೋಪದ ದಿನ ನಡೆದದ್ದಂತೂ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅರ್ಧಂಬರ್ಧ ಕರಡುಗಳನ್ನು ಪೋಷಕರ ಖರ್ಚಿನಲ್ಲಿ ಪುಸ್ತಕ ಮಾಡಿಸಿಕೊಡುವ ‘ಪ್ಯಾಕೇಜ್’ ಒಂದನ್ನು ಅಲ್ಲಿ ಮುಂದಿಟ್ಟರು. ಆರಂಭಿಸುವುದನ್ನು ಕಲಿಸಲೆಂದು ಹೊರಟವರು, ತಿದ್ದುವುದನ್ನು ಕಲಿಸುವ ಮೊದಲೇ ಅಚ್ಚಿನ ಆಸೆ ಹುಟ್ಟಿಸುವುದು ವ್ಯಾಪಾರವೇ ಹೊರತು ಪ್ರೋತ್ಸಾಹವಲ್ಲ.

ಕಥೆಪುಸ್ತಕ ಕಂಡರೆ ಬಿಡದ ಮಕ್ಕಳಿಗೆ ಈ ಶಿಬಿರವನ್ನು ಧಾರಾಳವಾಗಿ ಹೇಳಬಹುದು. ರಜೆಯಲ್ಲಿ ಮನೆಯಲ್ಲಿ ಗಲಾಟೆ ತಪ್ಪಲಿ ಎಂದು ಕಳುಹಿಸುವುದಾದರೆ ಈಜಿನ ಶಿಬಿರವೇ ಮೇಲು. ದಸರಾ ರಜೆಯಲ್ಲಿ ಇದರ ಮುಂದುವರಿಕೆ ಇದೆಯಂತೆ. ಆಗ ‘ಪ್ಯಾಕೇಜ್’ ಕೈಬಿಟ್ಟು, ಇನ್ನೊಬ್ಬ ಶಿಕ್ಷಕರನ್ನು ಸೇರಿಸಿಕೊಂಡು, ಬರೆದಿಟ್ಟ ಕರಡನ್ನು ತಿದ್ದಿಸುವುದಾದರೆ 1,000 ರೂಪಾಯಿ ಕೊಟ್ಟು ಸೇರಿಸಲೂ ನಾನು ತಯಾರಿದ್ದೇನೆ.