ಫೆಲೋಶಿಪ್ ದುಡ್ಡು ಹೊಟ್ಟೆಗೋ, ಪ್ರಾಜೆಕ್ಟಿಗೋ? ಮುಂಬಯಿ–ಪುಣೆಯ ಕೆಲವು ಯೋಜನೆಗಳ ವಿಮರ್ಶೆ

ಜನರಿಗೆ ಉಪಯೋಗವಾಗುವ ತಂತ್ರಜ್ಞಾನ, ಸರ್ಕಾರಿ ನೀತಿ ಇಂಥ ವಿಷಯ ಹಿಡಿದು ಫೆಲೋಶಿಪ್ ಹುಡುಕುವ ಕನ್ನಡದ ಹುಡುಗ ಹುಡುಗಿಯರು ಡೊಂಬಿವಲಿಯಲ್ಲೂ ಇದ್ದಾರೆ, ಪಿಂಪ್ರಿ-ಚಿಂಚ್‌ವಡದಲ್ಲೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತ. ಆ ದುಡ್ಡಿನಲ್ಲಿ ಪ್ರಾಜೆಕ್ಟಿಗೆ ಎಷ್ಟು ಉಳಿಯುತ್ತದೆ ಅಂತ ಕೇಳುವವರು ಕಡಿಮೆ. ಯೋಜನೆಗಳ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ.

ನೀತಿಯ ಕಡೆ ಒಲವಿದ್ದರೆ ಮೊದಲ ಹೆಸರು ಮಹಾರಾಷ್ಟ್ರದ ಮುಖ್ಯಮಂತ್ರಿ ಫೆಲೋಶಿಪ್. 2015ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ಈಗ ಪಾಠದ ಭಾಗವನ್ನು ಐಐಟಿ ಬಾಂಬೆ ನೋಡಿಕೊಳ್ಳುತ್ತದೆ. 60 ಸೀಟು, 12 ತಿಂಗಳು, ವಯಸ್ಸು 21ರಿಂದ 26, ಪದವಿಯಲ್ಲಿ 60%, ಒಂದು ವರ್ಷದ ಅನುಭವ. 2025-26ರ ಲೆಕ್ಕದಲ್ಲಿ ತಿಂಗಳಿಗೆ 56,100 ರೂಪಾಯಿ ಗೌರವಧನ, 5,400 ಪ್ರಯಾಣಕ್ಕೆ, ಒಟ್ಟು 61,500. 2023ರಲ್ಲಿ ಇದೇ 75,000 ಇತ್ತು. ಹಳೆಯ ಜಾಹೀರಾತು ನೋಡಿ ಲೆಕ್ಕ ಹಾಕಬೇಡಿ.

ಇಲ್ಲಿ ಪ್ರಾಜೆಕ್ಟಿಗೆಂದು ನಿಮ್ಮ ಕೈಗೆ ಬಿಡಿಗಾಸೂ ಬರುವುದಿಲ್ಲ. ಬರುವುದು ಪ್ರವೇಶ: ಜಿಲ್ಲಾಧಿಕಾರಿ ಕಚೇರಿಯ ಅಥವಾ ಜಿಲ್ಲಾ ಪರಿಷತ್ತಿನ ಕಡತ, ಅಂಕಿಅಂಶ, ಸಭೆಗಳು. ನೀತಿ ಕಲಿಯುವವರಿಗೆ ಅದು ದುಡ್ಡಿಗಿಂತ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಕನ್ನಡದವರು ಮುಗ್ಗರಿಸುವುದು ಮರಾಠಿಯಲ್ಲಿ. ಓದಲು, ಬರೆಯಲು, ಮಾತಾಡಲು ಬರಲೇಬೇಕು ಎಂಬುದು ನಿಯಮ. ಲೋಕಲ್ ರೈಲಿನ ಮರಾಠಿ ಬೇರೆ, ಜಿಆರ್‌ನ, ಅಂದರೆ ಸರ್ಕಾರಿ ಆದೇಶದ, ಮರಾಠಿ ಬೇರೆ: ಒಂದೊಂದು ವಾಕ್ಯ ಅರ್ಧ ಪುಟ, ಮೇಲೆ ದೇವನಾಗರಿ ಅಂಕಿಗಳು. ಮಹಾರಾಷ್ಟ್ರ ಸರ್ಕಾರದ ಜಾಲತಾಣದಲ್ಲಿ ಜಿಆರ್‌ಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ವಿಷಯದ ಇಲಾಖೆಯ ಹತ್ತು ಹನ್ನೆರಡನ್ನು ತೆಗೆದು, ಯಾರು, ಯಾರಿಗೆ, ಯಾವ ಲೆಕ್ಕಶೀರ್ಷಿಕೆಯಿಂದ ಹಣ ಕೊಡುತ್ತಿದ್ದಾರೆ ಎಂದು ಗುರುತು ಹಾಕುತ್ತಾ ಓದಿ. ಬಹುಆಯ್ಕೆ ಪರೀಕ್ಷೆ, ಪ್ರಬಂಧ, ಸಂದರ್ಶನ ಎಂಬ ಮೂರು ಹಂತದಲ್ಲಿ ಕೊನೆಯ ಎರಡಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಪಿಎಚ್‌ಡಿ ದಾರಿ ಹಿಡಿದವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, 2023ರ ಜನವರಿಯಿಂದ ತಿಂಗಳಿಗೆ 37,000; ಹಿರಿಯರದಾದ ಎಸ್‌ಆರ್‌ಎಫ್ 42,000. ಹಾಸ್ಟೆಲ್ ಸಿಗದಿದ್ದರೆ ಮೇಲೆ ಮನೆಬಾಡಿಗೆ ಭತ್ಯೆ. ಮುಂಬಯಿ, ಪುಣೆ ಎರಡೂ ಎಕ್ಸ್ (ಅತಿ ದೊಡ್ಡ) ದರ್ಜೆಯ ನಗರ, ಕೇಂದ್ರದ ಲೆಕ್ಕದಲ್ಲಿ 30%. ಅಂದರೆ ಜೆಆರ್‌ಎಫ್‌ಗೆ 11,100. ಹಾಸ್ಟೆಲ್ ಕೊಟ್ಟರೂ ಬೇಡವೆಂದರೆ ಭತ್ಯೆ ಇಲ್ಲ. ಮಾನವಿಕ, ಸಮಾಜ ವಿಜ್ಞಾನದವರಿಗೆ ಕಂಟಿಂಜೆನ್ಸಿ (ಸಂಶೋಧನೆಯ ಬಿಡಿ ಖರ್ಚಿನ ಹಣ) ಮೊದಲ ಎರಡು ವರ್ಷ ವರ್ಷಕ್ಕೆ 10,000. ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವವರಿಗೆ ಇದು ಬಸ್ ಚಾರ್ಜಿಗೂ ಸಾಲದು. ಪಿಎಂಆರ್‌ಎಫ್ (ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್) ಇದಕ್ಕಿಂತ ಬಹಳ ವಾಸಿ: ತಿಂಗಳಿಗೆ 70,000ದಿಂದ 80,000, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ.

ವಸ್ತು ಮಾಡುವವರ ದಾರಿಯೇ ಬೇರೆ. ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ನಿಧಿ-ಪ್ರಯಾಸ್ ಯೋಜನೆ ಗರಿಷ್ಠ 10 ಲಕ್ಷ ಕೊಡುತ್ತದೆ, ಪ್ರೋಟೊಟೈಪ್ (ಮೊದಲ ಮಾದರಿ) ಮಾಡಲು. ಹೊಸ ಉದ್ಯಮಗಳಿಗೆ ಆಸರೆ ಕೊಡುವ ಎರಡು ಸಂಸ್ಥೆಗಳು, ಮುಂಬಯಿಯಲ್ಲಿ ಐಐಟಿ ಬಾಂಬೆಯ ಸೈನ್, ಪುಣೆಯಲ್ಲಿ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಆವರಣದ ವೆಂಚರ್ ಸೆಂಟರ್, ಇದರ ಕೇಂದ್ರಗಳು. ಬರೀ ಆ್ಯಪ್, ಬರೀ ಸಾಫ್ಟ್‌ವೇರ್ ನಡೆಯದು. ಕೈಗೆ ಸಿಗುವ ವಸ್ತು ಇರಬೇಕು. ನಮ್ಮ ಪಟ್ಟಿಯಲ್ಲಿ ಪ್ರಾಜೆಕ್ಟಿಗೆ ನಿಜವಾಗಿ ಒಗ್ಗುವ ಹಣ ಇದು. ಆದರೆ ಬಜೆಟ್ ಬರೆಯುವಾಗಲೇ ಹಲವರು ಎಡವುತ್ತಾರೆ.

ಹಳ್ಳಿಯ ನೀರಿನ ಟ್ಯಾಂಕಿಗೆ ಮಟ್ಟ ತೋರಿಸುವ ಸಾಧನ ಎಂದುಕೊಳ್ಳಿ. ಅರ್ಜಿಯಲ್ಲಿ ಒಂದು ಸುತ್ತಿನ ಪಿಸಿಬಿಗೆ (ಸರ್ಕಿಟ್ ಬೋರ್ಡ್) ಮಾತ್ರ ಹಣ ಬರೆದಿರುತ್ತಾರೆ. ಮೊದಲ ಬೋರ್ಡ್ ಸರಿಯಾಗಿ ಬರುವುದು ಅಪರೂಪ, ಮೂರು ಸುತ್ತಿಗೆ ಬರೆಯಿರಿ. ಅಗ್ಗದ ಜಲನಿರೋಧಕ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಮುಂದಿನ 20–25 ಸೆಂ.ಮೀ. ಕುರುಡು ವಲಯ, ಅಷ್ಟು ಹತ್ತಿರದ್ದನ್ನು ಅದು ಅಳೆಯಲಾರದು. ಟ್ಯಾಂಕ್ ತುಂಬಿದಾಗಲೇ ಅದು ತಪ್ಪು ಹೇಳುತ್ತದೆ, ಆದ್ದರಿಂದ ಎತ್ತರದ ಬ್ರಾಕೆಟ್ ಬೇಕು, ಅದಕ್ಕೂ ದುಡ್ಡು ಬೇಕು. 2ಜಿ ಮೋಡೆಮ್ ಅಗ್ಗ ಎಂದು ಕೊಂಡರೆ, ಜಿಯೋ ಸಿಗ್ನಲ್ ಮಾತ್ರ ಇರುವ ಊರಲ್ಲಿ ಅದು ಸುಮ್ಮನೆ ಕೂರುತ್ತದೆ. ಜಿಯೋಗೆ 2ಜಿ ಇಲ್ಲ. 4ಜಿ ಮೋಡೆಮ್ಮಿನ ಬೆಲೆಯನ್ನೇ ಹಾಕಿ.

ಇನ್ನು ಜಿಎಸ್‌ಟಿ. ಅಂಗಡಿಯ ಕೊಟೇಶನ್ನಿನಲ್ಲಿ ‘ತೆರಿಗೆ ಪ್ರತ್ಯೇಕ’ ಎಂಬ ಸಣ್ಣ ಸಾಲು ಇರುತ್ತದೆ. 6 ಲಕ್ಷದ ಸಾಮಾನಿಗೆ 18% ಎಂದರೆ 1.08 ಲಕ್ಷ. ಅದನ್ನು ಸೇರಿಸದೆ ಬಜೆಟ್ ಪಾಸಾದರೆ ಕೊನೆಯ ತಿಂಗಳ ಕ್ಷೇತ್ರ ಪರೀಕ್ಷೆಗೆ ಕತ್ತರಿ ಬೀಳುತ್ತದೆ. ಜನೋಪಯೋಗಿ ಎಂದು ಅರ್ಜಿ ಹಾಕಿದವರು ಜನರ ಬಳಿ ಹೋಗುವ ಖರ್ಚನ್ನೇ ಕತ್ತರಿಸುವುದು ನೋಡಿದರೆ ಬೇಸರವಾಗುತ್ತದೆ.

ಪ್ರಯಾಸ್ ಹಣ ಕಂತಿನಲ್ಲಿ ಬರುತ್ತದೆ. ಬಿಲ್ಲು, ಖರ್ಚಿನ ಪಟ್ಟಿ ನಿಮ್ಮ ಪ್ರಯಾಸ್ ಕೇಂದ್ರಕ್ಕೆ. ಅವರು ಸರ್ಕಾರಕ್ಕೆ ಸರ್ಕಾರಿ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಕೊಡಬೇಕು. ಬಿಲ್ಲಿನ ಹೆಸರು ಒಂದಾಗಿ ಮಂಜೂರಾತಿ ಪತ್ರದ ಹೆಸರು ಇನ್ನೊಂದಾದರೆ ಕಂತು ಅಲ್ಲೇ ನಿಲ್ಲುತ್ತದೆ. ಅನುದಾನಕ್ಕೆ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಹಿಂತಿರುಗಬೇಕು. ಅದಕ್ಕೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಮೈಲಿಗಲ್ಲು ಬರೆಯುವಾಗ ‘50 ಮನೆಗಳಲ್ಲಿ ಅಳವಡಿಕೆ’ ಎನ್ನುವುದಕ್ಕಿಂತ ‘ಒಂದು ಟ್ಯಾಂಕಿನ ಮೇಲೆ 30 ದಿನ ಎಡೆಬಿಡದ ದತ್ತಾಂಶ’ ಎನ್ನುವುದು ಒಳ್ಳೆಯದು. ಮೊದಲನೆಯದಕ್ಕೆ ಪಂಚಾಯಿತಿಯ ಅನುಮತಿ, ಮಳೆಗಾಲ, ಜನರ ಒಪ್ಪಿಗೆ ಎಲ್ಲ ಕೂಡಿಬರಬೇಕು. ಎರಡನೆಯದು ನಿಮ್ಮ ಕೈಯಲ್ಲೇ ಇದೆ. ಮನೆಮನೆಯ ದತ್ತಾಂಶ ತೆಗೆಯುವುದಾದರೆ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಂತೆ ಒಪ್ಪಿಗೆ ಪತ್ರವನ್ನು ಅವರಿಗೆ ಓದಲು ಬರುವ ಭಾಷೆಯಲ್ಲಿ ಮಾಡಿಸಿ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆ ಹೋದರೆ ಅದು ಕನ್ನಡವೇ ಆಗಿರಬಹುದು.

ಆರೋಗ್ಯ, ಜೈವಿಕ ತಂತ್ರಜ್ಞಾನದ ವಿಷಯವಾದರೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರ್ಯಾಕ್‌ನ ಬಿಗ್ ಅನುದಾನ ನೋಡಿ: 50 ಲಕ್ಷದವರೆಗೆ, 18 ತಿಂಗಳು, ಅರ್ಜಿ ಜನವರಿ 1ಕ್ಕೆ ಮತ್ತು ಜುಲೈ 1ಕ್ಕೆ ತೆರೆಯುತ್ತದೆ. ವೆಂಚರ್ ಸೆಂಟರ್ ಇದರ ಪಾಲುದಾರ ಸಂಸ್ಥೆಯೂ ಹೌದು; ಕರಡನ್ನು ಅರ್ಜಿ ತೆರೆಯುವುದಕ್ಕೆ ಎರಡು ತಿಂಗಳು ಮೊದಲೇ ಅವರ ಮುಂದೆ ಇಡಿ, ಕೊನೆಯ ವಾರದಲ್ಲಿ ಯಾರಿಗೂ ಓದುವ ಪುರುಸೊತ್ತು ಇರುವುದಿಲ್ಲ.