ಅಮೆರಿಕದ ಹಳೇ ಲೋಕಲ್ ಪೋಸ್ಟ್ ಸ್ಟಾಂಪ್ ಕೊಳ್ಳುವ ಮುಂಚೆ ಕಾಗದ ಬಿಚ್ಚಿ ನೋಡಿ

ಇಲ್ಲಿ ನ್ಯೂಜೆರ್ಸಿಯಲ್ಲಿ ನಡೆದ ಒಂದು ಸ್ಟಾಂಪ್ ಮೇಳದಲ್ಲಿ ಕಳೆದ ವರ್ಷ 380 ಡಾಲರ್ ಕೊಟ್ಟು ಮೋಸ ಹೋದೆ. ನಮ್ಮವರಲ್ಲಿ ಸ್ಟಾಂಪ್ ಹುಚ್ಚು ಇರುವವರು ಬಹಳ ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1840ರ ದಶಕದಲ್ಲಿ ಅಮೆರಿಕದ ದೊಡ್ಡ ಊರುಗಳಲ್ಲಿ ಕಾಗದ ಬಂದರೆ ನಾವೇ ಪೋಸ್ಟ್ ಆಫೀಸಿಗೆ ಹೋಗಿ ತರಬೇಕಿತ್ತು, ಮನೆಗೇ ಬರಬೇಕು ಅಂದರೆ ಬೇರೆ ದುಡ್ಡು. ಅದಕ್ಕೇ ಖಾಸಗಿಯವರು ಊರೊಳಗೆ ಕಾಗದ ಹಂಚುವ ಕೆಲಸ ಶುರು ಮಾಡಿದರು, ತಮ್ಮದೇ ಸ್ಟಾಂಪ್ ಅಚ್ಚು ಹಾಕಿಸಿದರು. ಇವೇ ಲೋಕಲ್ ಪೋಸ್ಟ್‌ಗಳು. ನ್ಯೂಯಾರ್ಕಿನ ಸಿಟಿ ಡಿಸ್ಪ್ಯಾಚ್ ಪೋಸ್ಟ್ 1842ರಲ್ಲೇ ಅಂಟಿಸುವ ಸ್ಟಾಂಪ್ ತಂದಿತ್ತು. ಇಡೀ ದೇಶಕ್ಕೆ ಸರ್ಕಾರದ ಸ್ಟಾಂಪ್ ಬಂದಿದ್ದು 1847ರಲ್ಲಿ! ಫಿಲಡೆಲ್ಫಿಯಾದಲ್ಲಿ ಬ್ಲಡ್ಸ್, ನ್ಯೂಯಾರ್ಕಿನಲ್ಲಿ ಬಾಯ್ಡ್ಸ್, ಹೀಗೆ ಹತ್ತಾರು ಕಂಪನಿಗಳು. ಊರೊಳಗಿನ ಅಂಚೆಯೂ ಸರ್ಕಾರದ್ದೇ ಅಂದ 1861ರ ಕಾನೂನಿನ ನಂತರ ಹೆಚ್ಚಿನವು ಬಾಗಿಲು ಹಾಕಿದವು. ಮೈಸೂರು ಅಂಚೆಯ ಕತೆ ಕೇಳಿಕೊಂಡು ಬೆಳೆದ ನನಗೆ ಈ ಊರಂಚೆಗಳ ಮೇಲೆ ಮೊದಲಿಂದಲೂ ಪ್ರೀತಿ.

ಮೇಳದಲ್ಲಿ ಒಬ್ಬ ವ್ಯಾಪಾರಿಯ ಮೇಜಿನ ಮೇಲೆ ಬಾಯ್ಡ್ಸ್ ಸ್ಟಾಂಪ್ ಇದ್ದ ಕಾಗದ ಕಂಡಿತು, ಬರೆದ ಹಾಳೆಯನ್ನೇ ಮಡಿಸಿ ಹೊರಗೆ ಸ್ಟಾಂಪ್ ಅಂಟಿಸಿದ್ದು. ಸ್ಟಾಂಪಿನಲ್ಲಿ ಹಸಿರು ಹಾಳೆಯ ಮೇಲೆ ಕಪ್ಪು ಶಾಯಿ, ಭೂಗೋಳದ ಮೇಲೆ ಕೂತ ಹದ್ದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಾಲ್ಕೂ ಕಡೆ ಟೇಪ್ ಅಂಟಿಸಿದ್ದ. ಬಿಚ್ಚಿ ನೋಡಬಹುದಾ ಅಂತ ಕೇಳಿದೆ. ಹಳೇ ಕಾಗದ ಸರ್, ಮಡಿಕೆಯಲ್ಲಿ ಹರಿದುಹೋಗುತ್ತೆ ಅಂದ. ಒಬ್ಬ ಮುದುಕರ ಆಲ್ಬಮ್ಮಿನಿಂದ ಬಂದಿದ್ದು, ಅವರ ತಂದೆ ಕಾಲದ್ದು ಅಂತ ಕತೆ ಬೇರೆ ಹೇಳಿದ. ನಾನು ನಂಬಿದೆ. ಅಲ್ಲೇ ಎದ್ದು ಬರಬೇಕಿತ್ತು.

ಮನೆಗೆ ಬಂದು ಅಡುಗೆಮನೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೆಲ್ಲಗೆ ಬಿಚ್ಚಿದೆ. ಏನೂ ಹರಿಯಲಿಲ್ಲ. ಒಳಗೆ ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಒಬ್ಬ ವ್ಯಾಪಾರಿ ಅದೇ ಊರಿನ ಇನ್ನೊಬ್ಬನಿಗೆ ಹಿಟ್ಟಿನ ಪೀಪಾಯಿಗಳ ಲೆಕ್ಕ ಬರೆದಿದ್ದಾನೆ. ಮೇಲೆ ತಾರೀಕು: ನ್ಯೂಯಾರ್ಕ್, ನವೆಂಬರ್ 1843. ಬಾಯ್ಡ್ಸ್ ಶುರುವಾಗಿದ್ದೇ 1844ರಲ್ಲಿ! ಎರಡು ಮೂರು ಸಲ ಓದಿದೆ, ಮೂರೋ ಐದೋ ಅಂತ ಭೂತಗನ್ನಡಿ ಹಿಡಿದು ನೋಡಿದೆ. ಮೂರೇ. ಆಮೇಲೆ ಸ್ಟಾಂಪ್ ಕಡೆ ನೋಡಿದರೆ, ರದ್ದು ಮಾಡಲು ಎಳೆದ ಪೆನ್ನಿನ ಗೆರೆ ಸ್ಟಾಂಪಿನ ಅಂಚಿನಲ್ಲೇ ನಿಂತುಬಿಟ್ಟಿದೆ, ಕಾಗದದ ಮೇಲೆ ಒಂದು ಕೂದಲೆಳೆಯಷ್ಟೂ ಮುಂದುವರಿದಿಲ್ಲ. ಅಂದರೆ ಗೆರೆ ಎಳೆದಾಗ ಸ್ಟಾಂಪ್ ಈ ಕಾಗದದ ಮೇಲೆ ಇರಲೇ ಇಲ್ಲ.

ಆದರೂ ಆಸೆ ನೋಡಿ, ತಜ್ಞರ ಪರೀಕ್ಷೆಗೆ ಕಳಿಸಿದೆ. ಕಾಗದ ಅಸಲಿ, ಸ್ಟಾಂಪ್ ನಕಲಿ, ಆಮೇಲೆ ಅಂಟಿಸಿದ್ದು ಅಂತ ಸರ್ಟಿಫಿಕೇಟ್ ಬಂತು.

ಒಂದು ವಿಷಯ ನನಗೆ ಮುಂಚೆ ಸರಿಯಾಗಿ ಅರ್ಥ ಆಗಿರಲಿಲ್ಲ. ನಕಲಿ ಅಂದರೆ ಈಗಿನ ಪ್ರಿಂಟರಿನಲ್ಲಿ ತೆಗೆದದ್ದು ಅಂದುಕೊಂಡಿದ್ದೆ. ಈ ಲೋಕಲ್ ಸ್ಟಾಂಪುಗಳ ನಕಲು 1860ರ ದಶಕದಲ್ಲೇ ಶುರುವಾಗಿದೆ, ಸ್ಟಾಂಪ್ ಕೂಡಿಸುವ ಹವ್ಯಾಸ ಹುಟ್ಟಿದ ಹೊಸದರಲ್ಲೇ. ಬಾಸ್ಟನ್ನಿನ ಎಸ್. ಅಲನ್ ಟೇಲರ್ ರಾಶಿ ರಾಶಿ ಅಚ್ಚು ಹಾಕಿದ, ಎಂದೂ ಇಲ್ಲದ ಕಂಪನಿಗಳ ಹೆಸರಿನಲ್ಲೂ ಸ್ಟಾಂಪ್ ಮಾಡಿ ಮಾರಿದ. ನ್ಯೂಯಾರ್ಕಿನಲ್ಲಿ ಸ್ವತಃ ಲೋಕಲ್ ಪೋಸ್ಟ್ ನಡೆಸುತ್ತಿದ್ದ ಜಾರ್ಜ್ ಹಸ್ಸಿಯೂ ಬೇರೆಯವರ ಸ್ಟಾಂಪುಗಳ ನಕಲು ಅಚ್ಚು ಹಾಕಿಸಿ ಮಾರಿದವನೇ. ಹಾಗಾಗಿ ನಕಲಿಗೂ ನೂರೈವತ್ತು ವರ್ಷ ವಯಸ್ಸಾಗಿರಬಹುದು. ಕಾಗದ ಹಳೇದು, ಶಾಯಿ ಮಾಸಿದೆ ಅಂತ ನೋಡಿ ತೀರ್ಮಾನ ಮಾಡಿದರೆ ಕೆಟ್ಟಿರಿ. ಸ್ಟಾಂಪ್ ಇಲ್ಲದ ಆ ಕಾಲದ ಕಾಗದಗಳು ಇವತ್ತಿಗೂ ಕೆಲವೇ ಡಾಲರಿಗೆ ಸಿಗುತ್ತವೆ, ಒಂದಕ್ಕೆ ನಕಲಿ ಸ್ಟಾಂಪ್ ಅಂಟಿಸಿದರೆ ಬೆಲೆ ನೂರಾರು ಡಾಲರ್.

ವ್ಯಾಪಾರಿಗೆ ಫೋನ್ ಮಾಡಿದೆ. ಬಿಲ್ ನೋಡಿ ಅಂದ. ಬಿಲ್ಲಿನಲ್ಲಿ ಬಾಯ್ಡ್ಸ್ ಕವರ್ (ಅಂದರೆ ಬಾಯ್ಡ್ಸ್ ಸ್ಟಾಂಪ್ ಇರುವ ಕಾಗದ) ಅಂತ ಮಾತ್ರ ಇದೆ, ಅಸಲಿ ಅನ್ನುವ ಮಾತೇ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ ವಾಪಸ್ ಇಲ್ಲ ಅಂತ. ಮೂರನೇ ಸಲಕ್ಕೆ ಫೋನ್ ಎತ್ತಲೇ ಇಲ್ಲ.

ನೀವು ಕೊಳ್ಳುವುದಾದರೆ ಕಾಗದ ಬಿಚ್ಚಲು ಬಿಡದವನ ಹತ್ತಿರ ಕೊಳ್ಳಬೇಡಿ. ಒಳಗಿನ ತಾರೀಕನ್ನೂ ಕಂಪನಿ ನಡೆದ ವರ್ಷಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಸ್ಟಾಂಪುಗಳನ್ನು ಪಟ್ಟಿ ಮಾಡುವ ಸ್ಕಾಟ್ ಸ್ಪೆಷಲೈಸ್ಡ್ ಕ್ಯಾಟಲಾಗಿನಲ್ಲಿ ಲೋಕಲ್‌ಗಳಿಗೇ ಬೇರೆ ಭಾಗ ಇದೆ. ಬೆಲೆ ಜಾಸ್ತಿ ಇದ್ದರೆ ಸ್ಟಾಂಪ್ ಅಸಲಿಯೋ ನಕಲಿಯೋ ಅಂತ ಪರೀಕ್ಷಿಸುವ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ನಂಥ ಕಡೆಯ ಸರ್ಟಿಫಿಕೇಟ್ ಕೇಳಿ. ಇಲ್ಲ ಅಂದರೆ, ಪರೀಕ್ಷೆಯಲ್ಲಿ ನಕಲಿ ಅಂತ ಬಂದರೆ ದುಡ್ಡು ವಾಪಸ್ ಕೊಡುತ್ತೇನೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಆ ಕಾಗದ ನನ್ನ ಹತ್ತಿರವೇ ಇದೆ. ಮಾರುವುದಿಲ್ಲ. ಸರ್ಟಿಫಿಕೇಟನ್ನು ಜೊತೆಗೇ ಇಟ್ಟು, ಪ್ಲಾಸ್ಟಿಕ್ ಕವರಿನ ಮೇಲೆ ನಕಲಿ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಾಳೆ ನನ್ನ ಮಕ್ಕಳು ಆಲ್ಬಮ್ ಮಾರಿದರೂ ಇದು ಇನ್ನೊಬ್ಬರ ತಲೆಗೆ ಬರಬಾರದು.